ಹದಿಮೂರನೆಯ ನಿಮಿಷ

ಆ ಪಟ್ಟಿಯನ್ನು ಬರೆಯಲು ಪ್ರೇಮಕುಮಾರಿ ಎರಡು ಭಾನುವಾರ ಕೂತಿದ್ದಳು. ಗೋಣಿಬೀಡಿನಲ್ಲಿ ಅಪ್ಪ ಮಲ್ಲಿಕಾರ್ಜುನಪ್ಪನವರ ಅಂಗಡಿಯಿಂದಲೇ ತಂದ ದಪ್ಪ ಬಿಳಿ ಹಾಳೆ, ಕಪ್ಪು ಶಾಯಿ, ಗೆರೆ ಎಳೆಯಲು ಅಂಗಡಿಯ ಬಟ್ಟೆ ಅಳೆಯುವ ಕೋಲು. ಚಿಕ್ಕಮಗಳೂರಿನ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ, ಕರಿಹಲಗೆಯ ಪಕ್ಕ, ಎಲ್ಲ ಬೆಂಚಿಗೂ ಕಾಣುವ ಹಾಗೆ ಅದನ್ನು ಅಂಟಿಸಿದ ದಿನ ಅಟೆಂಡರ್ ಪುಟ್ಟಸ್ವಾಮಿ ದೂರ ನಿಂತು ನೋಡಿದ್ದ.

"ಲಗ್ನಪತ್ರಿಕೆ ಇದ್ದಂಗಿದೆ ಮೇಡಂ. ನಾಲ್ಕು ಮೂಲೆಗೆ ಅರಿಶಿನ ಹಚ್ಚೋದೊಂದು ಬಾಕಿ."

ಪಟ್ಟಿಯಲ್ಲಿ ಇದ್ದದ್ದು ಆಲ್ಕೊಹಾಲುಗಳನ್ನು ಗುರುತಿಸುವ ಬಗೆ. ಆಲ್ಕೊಹಾಲುಗಳಲ್ಲಿ ಮೂರು ಜಾತಿ: ಪ್ರೈಮರಿ, ಸೆಕೆಂಡರಿ, ಟರ್ಷಿಯರಿ. ನೋಡಲು ಹೆಚ್ಚಿನವೆಲ್ಲ ನೀರಿನಂತೆ ತಿಳಿ. ಲ್ಯೂಕಾಸ್ ದ್ರಾವಣವನ್ನು ಹಾಕಿ ಕುಲುಕಿ ಇಟ್ಟರೆ ಟರ್ಷಿಯರಿ ತಕ್ಷಣ ಹಾಲು ಬೆರೆಸಿದ ಹಾಗೆ ಕದಡುತ್ತದೆ. ಸೆಕೆಂಡರಿ ಐದು ನಿಮಿಷ ತೆಗೆದುಕೊಳ್ಳುತ್ತದೆ. ಪ್ರೈಮರಿ ಕದಡುವುದಿಲ್ಲ. ಪ್ರೇಮ ಇದನ್ನು ಪುಸ್ತಕದಲ್ಲಿದ್ದ ಹಾಗೆಯೇ, ಒಂದು ಅಕ್ಷರ ಆಚೀಚೆ ಆಗದಂತೆ ಇಳಿಸಿದ್ದಳು. 'ಐದು ನಿಮಿಷದ ನಂತರವೂ ತಿಳಿಯಾಗಿದ್ದರೆ ಪ್ರೈಮರಿ' ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಳು.

ಅದು 1998ರ ಜುಲೈ. ವಿಮಲಮ್ಮ ಮೇಡಂ ನಿವೃತ್ತರಾದ ಜಾಗಕ್ಕೆ ಅವರ ಶಿಷ್ಯೆಯೇ ಬಂದಿದ್ದಳು, ಆದರೆ ತಾತ್ಕಾಲಿಕವಾಗಿ. ಪ್ರತಿ ಜೂನ್‌ನಲ್ಲಿ ಮುಂದಿನ ವರ್ಷಕ್ಕೆ ಬೇಕೋ ಬೇಡವೋ ಎಂದು ಪ್ರಿನ್ಸಿಪಾಲರು ನಿರ್ಧರಿಸಬೇಕು. ಪ್ರೇಮ ಹೋಗುವಾಗ ಗ್ಯಾಸಿನ ನಲ್ಲಿಯನ್ನು ಮೂರು ಸಲ ಮುಟ್ಟಿ ನೋಡುತ್ತಿದ್ದಳು. ಬಾಗಿಲು ಹಾಕಿಕೊಂಡು ಮೆಟ್ಟಿಲಿಳಿದವಳು ಮತ್ತೆ ಹತ್ತಿ ಬಂದು ಸೋಡಿಯಂ ಇದ್ದ ಸೀಸೆಯಲ್ಲಿ ಸೀಮೆಎಣ್ಣೆ ಸಾಕಷ್ಟಿದೆಯೇ ಎಂದು ನೋಡಿದ್ದೂ ಉಂಟು. ಇಂಥವಳಿಗೆ ಗೋಡೆಯ ಮೇಲೊಂದು ಪಟ್ಟಿ ಇದ್ದರೆ ಎಷ್ಟೋ ನೆಮ್ಮದಿ.

ವಿಮಲಮ್ಮ ಮೇಡಂ ಪಟ್ಟಿ ಗಿಟ್ಟಿ ಬರೆದವರಲ್ಲ. 1991ರಲ್ಲಿ ಪ್ರೇಮ ಇದೇ ಕಲ್ಲುಬೆಂಚಿನ ಮುಂದೆ ವಿದ್ಯಾರ್ಥಿನಿಯಾಗಿ ನಿಂತಿದ್ದಾಗ ಅವರು ಬೂದು ಸ್ವೆಟರಿನ ಮೇಲೆ ಆಮ್ಲ ಬಿದ್ದು ತೂತುತೂತಾದ ಬಿಳಿ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಅವರದು ಮೂಡಿಗೆರೆ ಕಡೆಯ ತೋಟದ ಮನೆ. ಪಾಠವೂ ತೋಟದ ಭಾಷೆಯಲ್ಲೇ.

"ಸಿಪ್ಪೆ ಬಿಡಿಸಿದ ಕಾಫಿಬೀಜ ಪಲ್ಪರ್ ಮನೆ ತೊಟ್ಟೀಲಿ ಹೆಚ್ಚು ಹೊತ್ತು ನೆನೆದ್ರೆ ಎಂತ ವಾಸನೆ ಬರುತ್ತೆ?"

"ಹೆಂಡದ ವಾಸನೆ ಮೇಡಂ."

"ಇನ್ನೂ ಬಿಟ್ರೆ?"

"ಹುಳಿ ವಾಸನೆ."

"ಅಷ್ಟೇ ಕಣ್ರೇ ಆಕ್ಸಿಡೇಶನ್ನು. ಆಲ್ಕೊಹಾಲು ಹೋಗಿ ಆಸಿಡ್ ಆಯ್ತು. ನಿಮ್ಮನೆ ಮೇಸ್ತ್ರಿಗೆ ಗೊತ್ತಿರೋದನ್ನ ನಾನು ಇಂಗ್ಲಿಷಲ್ಲಿ ಹೇಳ್ತಿದ್ದೀನಿ."

ಅದನ್ನೇ ಆಮೇಲೆ ಗಾಜಿನ ನಳಿಗೆಯಲ್ಲಿ ಮಾಡಿ ತೋರಿಸುವರು. ಡೈಕ್ರೊಮೇಟಿನ ಕಿತ್ತಳೆ ಬಣ್ಣಕ್ಕೆ ಆಲ್ಕೊಹಾಲು ಬಿದ್ದು, ಬಿಸಿ ತಾಗಿ, ನಿಧಾನಕ್ಕೆ ಹಸಿರಾಗುತ್ತಿತ್ತು. ಹಿಂದಿನ ಬೆಂಚಿನ ಪ್ರಶಾಂತ, "ಮೇಡಂ, ಇದು ಹಣ್ಣಾಗೋ ಬದ್ಲು ಕಾಯಾಗ್ತಾ ಇದೆಯಲ್ಲ" ಎಂದದ್ದಕ್ಕೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು. ಎಸ್ಟರ್ ಮಾಡುವ ದಿನವಂತೂ ಹಬ್ಬ. ಅಮೈಲ್ ಆಲ್ಕೊಹಾಲು, ಅಸಿಟಿಕ್ ಆಮ್ಲ, ಎರಡು ತೊಟ್ಟು ಸಲ್ಫ್ಯೂರಿಕ್. ಬಿಸಿ ಮಾಡಿ ಬೀಕರಿನ ನೀರಿಗೆ ಸುರಿದರೆ ಇಡೀ ಕೋಣೆಯಲ್ಲಿ ಮಾಗಿದ ಪುಟ್ಟಬಾಳೆಯ ವಾಸನೆ. ಪಕ್ಕದ ಭೌತಶಾಸ್ತ್ರದವರು ಬಾಗಿಲಲ್ಲಿ ಇಣುಕಿ, ಯಾರು ಬಾಳೆಗೊನೆ ತಂದದ್ದು ಎಂದು ಕೇಳುತ್ತಿದ್ದರು.

ಲ್ಯೂಕಾಸ್ ಪರೀಕ್ಷೆಯ ದಿನ ಮಾತ್ರ ಅವರದೊಂದು ವಿಚಿತ್ರ ಕಟ್ಟಳೆ. "ಟ್ಯೂಬನ್ನ ಸ್ಟ್ಯಾಂಡಲ್ಲಿ ಇಡ್ಬೇಡಿ. ಬಿರಡೆ ಹಾಕಿ ಮುಷ್ಟೀಲಿ ಹಿಡ್ಕೊಳ್ಳಿ. ಹಕ್ಕಿಮರಿ ಹಿಡ್ಕೊಂಡ ಹಾಗೆ, ಮೆತ್ತಗೆ." ಹದಿನಾರು ಜನ ಮುಷ್ಟಿ ಕಟ್ಟಿ ಎದೆಯ ಹತ್ತಿರ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. "ಪ್ರತಿಜ್ಞೆ ತಗೊಳ್ತಾ ಇದೀವಿ" ಎಂದು ಪ್ರಶಾಂತ ಪಿಸುಗುಡುತ್ತಿದ್ದ. ಯಾಕೆ ಹಾಗೆ ಎಂದು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪುಸ್ತಕದಲ್ಲಿ ಅದು ಇರಲಿಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನು ಪಟ್ಟಿಯಲ್ಲಿ ಬರೆಯುವ ಧೈರ್ಯ ಪ್ರೇಮಳಿಗಿರಲಿಲ್ಲ. ತರಗತಿಯಲ್ಲಿ ಬಾಯಿಮಾತಿಗೂ ಹೇಳಲಿಲ್ಲ. ಅಕ್ಟೋಬರಿನ ಬಿಸಿಲಿನ ಮಧ್ಯಾಹ್ನಗಳಲ್ಲಿ ಅಭ್ಯಾಸ ಮಾಡಿಸಿದಾಗ ಎಲ್ಲವೂ ಪಟ್ಟಿ ಹೇಳಿದಂತೆಯೇ ನಡೆದಿತ್ತು.

ಆ ವರ್ಷ ಪ್ರಾಯೋಗಿಕ ಪರೀಕ್ಷೆಯ ದಿನಾಂಕ ಏರುಪೇರಾಗಿ ಜನವರಿಗೆ ಬಂತು. ಬೆಳಿಗ್ಗೆ ಎಂಟಕ್ಕೆ ಮೊದಲ ತಂಡ, ಎಂಟು ಜನ. ಗಿರಿಯ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಯ ಗಾಜಿನ ಒಳಗೂ ಹಬೆ ಕಟ್ಟಿತ್ತು. ಬೆಂಚಿನ ಕಲ್ಲು ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಹೊರಗಿನ ಪರೀಕ್ಷಕರಾಗಿ ಬಂದಿದ್ದ ಬಸವರಾಜಪ್ಪನವರು ಚಳ್ಳಕೆರೆಯವರು. ಮಫ್ಲರನ್ನು ಕಿವಿಯ ಮೇಲಿಂದ ಸುತ್ತಿಕೊಂಡು, ಪುಟ್ಟಸ್ವಾಮಿ ತಂದುಕೊಟ್ಟ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

"ಏನ್ರೀ ಮೇಡಂ, ಈ ಚಳೀನಾಗೆ ಹೆಂಗೆ ಇರ್ತೀರಿ? ರಾತ್ರಿ ಲಾಡ್ಜಿನಾಗೆ ಎರಡು ಕಂಬಳಿ ಹೊದ್ದೆ, ಬೆನ್ನು ಬೆಚ್ಚಗಾಗ್ಲಿಲ್ಲ."

"ಅಭ್ಯಾಸ ಸಾರ್" ಎಂದಳು ಪ್ರೇಮ. ಕೈ ಅವಳಿಗೂ ತಣ್ಣಗಿತ್ತು, ಆದರೆ ಅದು ಚಳಿಗಲ್ಲ.

ಗುರುತಿಸಬೇಕಾದ ದ್ರವಗಳ ಸೀಸೆಗಳಿಗೆ ಬರೀ ಅಂಕಿ. ಮೂರನೆಯದು 2-ಬ್ಯೂಟನಾಲ್, ಸೆಕೆಂಡರಿ. ಅದು ನಾಲ್ಕು ಜನಕ್ಕೆ ಬಂದಿತ್ತು. ಅವರಲ್ಲಿ ರಕ್ಷಾ ಒಬ್ಬಳು. ಕಳಸದ ಹತ್ತಿರದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ಸರ್ಕಾರಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಡಿಸೆಂಬರಿನಲ್ಲಿ ಒಮ್ಮೆ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವಾಗ ಅವಳು ಪುಸ್ತಕದ ಅಂಚನ್ನೇ ನೋಡುತ್ತ ಹೇಳಿದ್ದಳು: "ಒಂದ್ರಲ್ಲಿ ಫೇಲಾದ್ರೂ ಹಾಸ್ಟೆಲ್ ಸೀಟು ಹೋಗುತ್ತೆ ಮೇಡಂ. ಹೋದ್ರೆ ಮನೇಲಿ ಕೂತೆ ಅಂತ್ಲೇ ಲೆಕ್ಕ. ಕಳಸದಿಂದ ದಿನಾ ಬಸ್ಸಲ್ಲಿ ಬಂದು ಹೋಗೋಕಾಗುತ್ತಾ?"

ಎಂಟು ನಲವತ್ತಕ್ಕೆ ರಕ್ಷಾ ಲ್ಯೂಕಾಸ್ ದ್ರಾವಣ ಸುರಿದಳು. ಪ್ರೇಮ ಬೆಂಚುಗಳ ನಡುವೆ ನಡೆಯುತ್ತ ಗೋಡೆಯ ಗಡಿಯಾರ ನೋಡಿಕೊಂಡಳು. ಎಲ್ಲವನ್ನೂ ಗಡಿಯಾರಕ್ಕೆ ಹೊಂದಿಸಿ ನೋಡುವುದು ಅವಳ ಹಳೆಯ ಚಾಳಿ. ರಕ್ಷಾ ಕುಲುಕಿ, ಸ್ಟ್ಯಾಂಡಿನಲ್ಲಿಟ್ಟು, ತನ್ನ ಕೈಗಡಿಯಾರವನ್ನು ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕಾದಳು. ಎರಡು ನಿಮಿಷ. ನಾಲ್ಕು. ಐದು. ನಳಿಗೆ ಮಳೆನೀರಿನಷ್ಟು ತಿಳಿ. ಅವಳು ತಲೆಯೆತ್ತಿ ಪಟ್ಟಿಯನ್ನು ನೋಡಿದಳು, ಎರಡು ಗೆರೆ ಎಳೆದ ಸಾಲನ್ನು. ಉತ್ತರ ಪತ್ರಿಕೆಯಲ್ಲಿ ಬರೆಯತೊಡಗಿದಳು. ಆಮೇಲೆ ಅಯೊಡೋಫಾರ್ಮ್ ಪರೀಕ್ಷೆ ಮಾಡಿದಳು. ಆಸ್ಪತ್ರೆಯ ವಾಸನೆಯ ಹಳದಿ ಪುಡಿ ಬಂತು. ಪ್ರೈಮರಿ, ಜೊತೆಗೆ ಹಳದಿ ಪುಡಿ ಎಂದರೆ ಪಟ್ಟಿಯ ಪ್ರಕಾರ ಒಂದೇ ಉತ್ತರ: ಸ್ಪಿರಿಟ್ಟಿನ ಎಥನಾಲ್.

ಪರೀಕ್ಷೆ ನಡೆಯುವಾಗ ಮಾತಾಡುವ ಹಾಗಿಲ್ಲ. ಪ್ರೇಮ ಮುಂದಿನ ಬೆಂಚಿಗೆ ಹೋದಳು. ಅಲ್ಲೂ ಅದೇ ತಿಳಿ, ಅದೇ ತಲೆಯೆತ್ತಿ ನೋಡುವಿಕೆ. ತಾನೇ ಸೀಸೆಗೆ ತಪ್ಪು ಅಂಕಿ ಅಂಟಿಸಿದೆನೇ? ಯಾವ ಅಂಕಿಗೆ ಯಾವ ದ್ರವ ಎಂದು ಬರೆದು ಕಪಾಟಿನಲ್ಲಿಟ್ಟಿದ್ದ ಚೀಟಿ ತೆಗೆದು ನೋಡಿದಳು. ಅಂಕಿ ಸರಿಯಾಗಿಯೇ ಇತ್ತು.

ಕಾಲೇಜಿನಲ್ಲಿ ಟೆಸ್ಟ್ ಟ್ಯೂಬುಗಳಿಗೆ ಯಾವಾಗಲೂ ಬರ. ಹಾಗಾಗಿ ಕೆಲಸ ಮುಗಿದವುಗಳನ್ನು ಪುಟ್ಟಸ್ವಾಮಿ ಆಗಾಗ ಬಂದು ಎತ್ತಿ, ಎನಾಮಲ್ ತಟ್ಟೆಯಲ್ಲಿ ನಿಲ್ಲಿಸಿ, ತೊಟ್ಟಿಯ ಹತ್ತಿರ ಇಟ್ಟು, ಒಂದೊಂದೇ ತೊಳೆಯುತ್ತಿದ್ದ. ಪ್ರೇಮ ಆ ಕಡೆ ತಿರುಗಿದಾಗ ಅವನು ಬ್ರಷ್ಷನ್ನು ನೀರಿಗೆ ಅದ್ದುತ್ತಿದ್ದ. ತಟ್ಟೆಯಲ್ಲಿ ಮೂರನೆಯ ಸೀಸೆಯ ನಾಲ್ಕೂ ನಳಿಗೆಗಳಿದ್ದವು. ರಕ್ಷಾಳ ನಳಿಗೆಯೊಳಗೆ ಏನೋ ಸಣ್ಣಗೆ ಮಬ್ಬಾಯಿತು. ಕಣ್ಣಿನ ಭ್ರಮೆ ಎಂದು ಹತ್ತಿರ ಹೋದಳು. ಮಬ್ಬು ದಪ್ಪಗಾಯಿತು. ಗಂಜಿನೀರಿನ ಹಾಗೆ, ನಿಜಕ್ಕೂ. ಗಡಿಯಾರ ನೋಡಿದಳು: ಎಂಟು ಐವತ್ತಮೂರು.

ಹದಿಮೂರು ನಿಮಿಷ.

ಆಗ ಅವಳಿಗೆ ಹದಿನಾರು ಮುಷ್ಟಿಗಳು ನೆನಪಾದವು.

"ಪುಟ್ಟಸ್ವಾಮಿ, ಆ ನಾಲ್ಕನ್ನ ತೊಳೀಬೇಡಿ."

"ಟ್ಯೂಬ್ ಕಮ್ಮಿ ಬೀಳ್ತಾವೆ ಮೇಡಂ."

"ಬೀಳಲಿ. ಅವನ್ನ ಮುಟ್ಟಬೇಡಿ."

ಪುಟ್ಟಸ್ವಾಮಿಗೆ ಇಷ್ಟು ಗಡುಸಾಗಿ ಅವಳು ಎಂದೂ ಹೇಳಿರಲಿಲ್ಲ. ಅವನು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ, ಕುಲದೇವರನ್ನು ಇಡುವಷ್ಟು ಜೋಪಾನವಾಗಿ ಇಟ್ಟ.

ಹನ್ನೊಂದಕ್ಕೆ ಗಂಟೆ ಹೊಡೆಯಿತು. ಮಕ್ಕಳು ಹೊರಗೆ ಹೋದರು. ಮೂರನೆಯ ಸೀಸೆಯೇ ಸಿಕ್ಕಿದ್ದ ಲಿಖಿತ್ ಬಾಗಿಲಲ್ಲಿ ತಡೆದು ನಿಂತು ತಲೆ ಕೆರೆದುಕೊಂಡ. "ಮೇಡಂ, ಮೂಗು ಒಂದು ಹೇಳ್ತಿತ್ತು, ಪಟ್ಟಿ ಒಂದು ಹೇಳ್ತಿತ್ತು. ಸ್ಪಿರಿಟ್ಟಿನ ವಾಸನೆ ಅಲ್ಲ ಅದು. ಆದ್ರೂ ನಾನು ಪಟ್ಟೀನೇ ನಂಬಿದೆ." ಅವನು ದೂರುತ್ತಿರಲಿಲ್ಲ. ಶಹಭಾಸ್ ಎನ್ನಿಸಿಕೊಳ್ಳಲು ನಿಂತಿದ್ದ.

ಬಸವರಾಜಪ್ಪನವರು ಕೆಂಪು ಪೆನ್ಸಿಲು ತೆಗೆದು ಪತ್ರಿಕೆಗಳನ್ನು ಮಗುಚುತ್ತಿದ್ದರು. "ಮೂರನೇ ಸೀಸೆ ನಾಲ್ಕಕ್ಕೆ ನಾಲ್ಕೂ ಎಥನಾಲ್. ಒಬ್ಬರನ್ನೊಬ್ಬರು ನೋಡಿ ಬರ್ದಾರೋ ಏನೋ. ಲ್ಯೂಕಾಸ್ ಟೆಸ್ಟು ಕೂಡ ಮಾಡೋಕೆ ಬರಲ್ಲ ಅಂದ್ರೆ ಏನ್ ಹೇಳೋದು? ಈ ಭಾಗಕ್ಕೆ ಅಂಕ ಇಲ್ಲ, ನಾಲ್ವರೂ ಹೋದ್ರು."

ಅವರ ಪೆನ್ಸಿಲು ರಕ್ಷಾಳ ಹಾಳೆಯ ಮೇಲೆ ಇತ್ತು. ಸುಮ್ಮನಿದ್ದರೆ ತಪ್ಪು ಮಕ್ಕಳದಾಗುತ್ತದೆ, ಇದು ಪ್ರೇಮಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹೇಳಿದರೆ ಹೊರಗಿನ ಪರೀಕ್ಷಕರು ಬರೆಯುವ ವರದಿ ಜೂನ್‌ಗೆ ಮುಂಚೆ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ ಎನ್ನುವುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ಅವಳು ಮನಸ್ಸಿನಲ್ಲಿ ಮಾತನ್ನು ಒಮ್ಮೆ ಜೋಡಿಸಿದಳು, ಕೆಡವಿ ಮತ್ತೆ ಜೋಡಿಸಿದಳು. ಕೊನೆಗೆ ಬಾಯಿಂದ ಬಂದದ್ದು ಜೋಡಿಸಿದ್ದಲ್ಲ.

"ಸಾರ್, ತಪ್ಪು ಅವರದ್ದಲ್ಲ. ಆ ಪಟ್ಟೀದು. ಬರೆದಿದ್ದು ನಾನು."

ಅವರು ಕನ್ನಡಕ ಸರಿಮಾಡಿಕೊಂಡು ಗೋಡೆಯನ್ನು ಓದಿದರು. "ಪುಸ್ತಕದಾಗೆ ಇರೋದೇ ಐತಲ್ರೀ."

"ಪುಸ್ತಕ ಈ ಊರಲ್ಲಿ ಬರೆದಿದ್ದಲ್ಲ ಸಾರ್."

ತಟ್ಟೆಯನ್ನು ತಂದು ಅವರ ಮುಂದೆ ಇಟ್ಟಳು. ನಾಲ್ಕರಲ್ಲೂ ಬೆಳ್ಳಗೆ ಕದಡಿ, ಮೇಲೆ ಎಣ್ಣೆಯಂಥ ಪದರ ನಿಂತಿತ್ತು.

"ಇವು ಯಾವಾಗ ಕದಡಿದ್ವು?"

"ಒಂದನ್ನ ನಾನು ಕಣ್ಣಾರೆ ನೋಡಿದೆ. ಸುರಿದ ಹದಿಮೂರನೇ ನಿಮಿಷಕ್ಕೆ. ಚಳಿಗೆ ರಿಯಾಕ್ಷನ್ ನಿಧಾನ ಆಗಿದೆ ಸಾರ್. ನಮ್ಮ ವಿಮಲಮ್ಮ ಮೇಡಂ ಟ್ಯೂಬನ್ನ ಮುಷ್ಟೀಲಿ ಹಿಡಿಸ್ತಿದ್ರು. ನಾನು ಅದನ್ನ ಈ ಮಕ್ಕಳಿಗೆ ಹೇಳಿಕೊಡಲಿಲ್ಲ."

"ನೀವೊಬ್ರು ನೋಡಿದ್ದಕ್ಕೆ ನಾನು ಅಂಕ ಕೊಡೋಕಾಗುತ್ತೇನ್ರೀ?"

"ಬೇಡ ಸಾರ್. ನೀವೇ ನೋಡಿ."

ಎರಡು ನಳಿಗೆಗೆ ಮೂರನೆಯ ಸೀಸೆಯಿಂದ ಹಾಕಿ, ಲ್ಯೂಕಾಸ್ ಸುರಿದು, ಬಿರಡೆ ಒತ್ತಿದಳು. ಒಂದನ್ನು ಕಲ್ಲುಬೆಂಚಿನ ಸ್ಟ್ಯಾಂಡಿನಲ್ಲಿಟ್ಟಳು. ಇನ್ನೊಂದನ್ನು ಮುಷ್ಟಿಯಲ್ಲಿ ಹಿಡಿಯಲು ಹೋದವಳಿಗೆ ತನ್ನ ಅಂಗೈ ಬೆಂಚಿನಷ್ಟೇ ತಣ್ಣಗಿರುವುದು ತಿಳಿಯಿತು. ಹೆದರಿಕೆಗೆ ರಕ್ತವೆಲ್ಲ ಎಲ್ಲಿಗೋ ಹೋಗಿತ್ತು. ಆ ನಳಿಗೆಯನ್ನು ಅವಳು ಬಸವರಾಜಪ್ಪನವರ ಮುಂದೆ ಚಾಚಿದಳು.

"ಸಾರ್, ನೀವು ಹಿಡ್ಕೊಳ್ತೀರಾ? ನನ್ನ ಕೈ ಪ್ರಯೋಜನ ಇಲ್ಲ."

ಅವರು ಅವಳ ಮುಖ ನೋಡಿದರು. ಆಗಷ್ಟೇ ಕುಡಿದಿದ್ದ ಎರಡನೆಯ ಲೋಟ ಕಾಫಿಯ ಬಿಸಿ ಇನ್ನೂ ಅವರ ಅಂಗೈಯಲ್ಲಿತ್ತು. ನಳಿಗೆಯನ್ನು ತೆಗೆದುಕೊಂಡು ಮುಷ್ಟಿ ಕಟ್ಟಿ, ಮಫ್ಲರಿನ ತುದಿಯನ್ನೂ ಅದರ ಮೇಲೆ ಸುತ್ತಿದರು. ಮೂವರೂ ನಿಂತರು. ಪುಟ್ಟಸ್ವಾಮಿ ಬ್ರಷ್ಷು ಹಿಡಿದೇ ನಿಂತಿದ್ದ. ಅವನೇ, "ವಿಮಲಮ್ಮೋರು ಇದ್ದಾಗ ಹಿಂಗೇ ನಿಲ್ಲೋರು ಎಲ್ರೂ. ಶಾಲೇಲಿ ತಪ್ಪು ಮಾಡಿದವರ ಥರ" ಎಂದ.

ನಾಲ್ಕೂವರೆ ನಿಮಿಷಕ್ಕೆ ಅವರು ಬೆರಳು ಬಿಡಿಸಿದರು. ನಳಿಗೆ ಮಜ್ಜಿಗೆಯ ಹಾಗಿತ್ತು. ಸ್ಟ್ಯಾಂಡಿನಲ್ಲಿದ್ದದ್ದು ಇನ್ನೂ ತಿಳಿ.

ಬಸವರಾಜಪ್ಪನವರು ಕೂತರು. ಪೆನ್ಸಿಲನ್ನು ಎತ್ತಿಕೊಳ್ಳಲಿಲ್ಲ. ತಮ್ಮಷ್ಟಕ್ಕೆ ತಾವು ಮಾತಾಡುವವರಂತೆ ಹೇಳಿದರು: "ನಮ್ಮೂರಾಗೆ ಏಪ್ರಿಲ್ ಬಂತಂದ್ರೆ ಲ್ಯಾಬು ಒಲೆ ಇದ್ದಂಗೆ. ಇದು ಒಂದೇ ನಿಮಿಷಕ್ಕೆ ಕದಡ್ತೈತೆ. ಹುಡುಗ್ರು ಟರ್ಷಿಯರಿ ಅಂತ ಬರೀತಾರೆ."

"ಆಗ ಏನ್ ಮಾಡ್ತೀರಿ ಸಾರ್?"

"ಕೆಂಪು ಗೆರೆ ಎಳೀತೀನಿ" ಎಂದರು. "ಹದಿನೇಳು ವರ್ಷದಿಂದ ಎಳೀತಿದೀನಿ."

ಅವರು ರಕ್ಷಾಳ ಹಾಳೆಯನ್ನು ಮತ್ತೆ ಮೊದಲಿಂದ ಓದಿದರು. 'ಐದು ನಿಮಿಷ ಕಾದೆ, ದ್ರಾವಣ ತಿಳಿಯಾಗಿಯೇ ಇತ್ತು' ಎಂದು ಅವಳ ದುಂಡು ಅಕ್ಷರಗಳು ಹೇಳುತ್ತಿದ್ದವು. "ಕಂಡಿದ್ದನ್ನ ಬರ್ದಾಳೆ ಹುಡುಗಿ. ಕಂಡಿದ್ದಕ್ಕೆ ಪೂರ್ತಿ ಕೊಡ್ತೀನಿ. ಹೆಸರು ತಪ್ಪಿದ್ದಕ್ಕೆ ಮಾತ್ರ ಕಳೀತೀನಿ. ನಾಲ್ವರಿಗೂ ಹಂಗೇ." ಕೂಡಿ ನೋಡಿದಾಗ ರಕ್ಷಾ ದಡ ಮುಟ್ಟಿದ್ದಳು. ಹೆಚ್ಚಲ್ಲ, ಮೂರು ಅಂಕದಷ್ಟು ಮೇಲೆ.

"ಮಧ್ಯಾಹ್ನದ ತಂಡಕ್ಕೆ ಹೇಳ್ತೀರಲ್ಲ, ಮುಷ್ಟಿ ವಿಚಾರ?"

"ಹೇಳ್ತೀನಿ ಸಾರ್."

"ವರದೀಲಿ ಬರೀಲೇಬೇಕು ನಾನು. ಪಟ್ಟೀಲಿ ಊರಿನ ಹವೆ ಸೇರಿಸಿಲ್ಲ, ಸೇರಿಸ್ತೀನಿ ಅಂದಿದ್ದಾರೆ ಅಂತ ಬರೀತೀನಿ. ಸಾಕಲ್ಲ?"

ಆ ರಾತ್ರಿ ಪ್ರೇಮ ಗ್ಯಾಸಿನ ನಲ್ಲಿಯ ಕನಸು ಕಾಣದೆ ನಿದ್ದೆ ಮಾಡಿದಳು.

ಮುಂದಿನ ಭಾನುವಾರ ಅವಳು ಬಸ್ಸು ಹತ್ತಿ ಮೂಡಿಗೆರೆಗೆ ಹೋದಳು. ವಿಮಲಮ್ಮ ಮೇಡಂ ಅಂಗಳದ ಕಣದಲ್ಲಿ ಒಣಗಲು ಹರಡಿದ ಕಾಫಿಯನ್ನು ಬರಿಗಾಲಿನಲ್ಲಿ ಕೆದಕುತ್ತಿದ್ದರು, ಅದೇ ಬೂದು ಸ್ವೆಟರು. ಪ್ರೇಮ ನಡೆದದ್ದನ್ನೆಲ್ಲ ಹೇಳಿದಳು. ಕೊನೆಗೆ, "ಚಳಿಗೆ ತಡ ಆಗುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು. ಒಂದು ಮಾತು ಯಾಕೆ ಬರೆದಿಡಲಿಲ್ಲ ಮೇಡಂ?" ಎಂದು ಕೇಳಿದಳು. ದನಿಯಲ್ಲಿ ಸಣ್ಣ ಆಕ್ಷೇಪಣೆ ಇತ್ತು.

ಮೇಡಂ ಕಾಲು ನಿಲ್ಲಿಸಿದರು. "ಚಳಿಯಾ? ನಾನು ಅದನ್ನ ಯೋಚನೆನೇ ಮಾಡಿರ್ಲಿಲ್ಲ ಮಾರಾಯ್ತಿ."

"ಮತ್ತೆ?"

"ನೀನು ಮೊದಲನೇ ಸಲ ಲ್ಯೂಕಾಸ್ ಮಾಡಿದಾಗ ನಿನ್ನ ಕೈ ಎಷ್ಟು ನಡುಗ್ತಿತ್ತು, ನೆನಪಿದೆಯಾ? ಸ್ಟ್ಯಾಂಡಲ್ಲಿ ಇಡೋಕೆ ಹೋಗಿ ಎರಡು ಟ್ಯೂಬ್ ಒಡ್ದೆ. ಗಡಿಯಾರ ನೋಡಿ ನೋಡಿ ಅಳೋ ಹಾಗಾಗಿದ್ದೆ. ಮುಷ್ಟೀಲಿ ಏನಾದ್ರೂ ಹಿಡ್ಕೊಂಡ್ರೆ ಸಮಾಧಾನ ಆಗ್ತಾಳೆ ಅಂತ ಹಿಡ್ಕೋ ಅಂದೆ. ನಿನ್ನೊಬ್ಬಳಿಗೇ ಹೇಳಿದ್ರೆ ಉಳಿದವರು ನಗ್ತಿದ್ರು. ಅದಕ್ಕೆ ಎಲ್ರಿಗೂ ಹೇಳ್ದೆ. ಆಮೇಲೆ ಅದೇ ರೂಢಿ ಆಯ್ತು."

ಪ್ರೇಮ ಚಪ್ಪಲಿ ಬಿಟ್ಟು ಕಣಕ್ಕೆ ಇಳಿದು, ಅವರ ಪಕ್ಕದ ಸಾಲಿನ ಕಾಫಿಯನ್ನು ಕಾಲಿನಿಂದ ಕೆದಕತೊಡಗಿದಳು. ಬಿಸಿಲಿಗೆ ಬೀಜ ಬೆಚ್ಚಗಿತ್ತು.

ಆ ಜೂನ್‌ನಲ್ಲಿ ಅವಳ ಕೆಲಸ ಮುಂದುವರಿಯಿತು, ಅದರ ಮುಂದಿನ ಜೂನ್‌ನಲ್ಲೂ. ರಕ್ಷಾ ಡಿಗ್ರಿ ಮುಗಿಸಿ ಬಿ.ಎಡ್. ಮಾಡಿ ಕಳಸದ ಕಡೆಯೇ ಹೈಸ್ಕೂಲಿಗೆ ಸೇರಿದಳು. 2006ರಲ್ಲಿ ಪ್ರಯೋಗಾಲಯಕ್ಕೆ ಸುಣ್ಣ ಬಳಿಯುವಾಗ ಪುಟ್ಟಸ್ವಾಮಿ ಪಟ್ಟಿಯನ್ನು ಹರಿಯದಂತೆ ಬಿಡಿಸಿ, ಸುರುಳಿ ಸುತ್ತಿ ತಂದುಕೊಟ್ಟ. ಹಾಳೆ ಹಳದಿಯಾಗಿತ್ತು. ಎರಡು ಗೆರೆಯ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಅವಳೇ ಬರೆದ ಸಾಲು ಮಸುಕಾಗಿ ಕಾಣುತ್ತಿತ್ತು: 'ನಮ್ಮಲ್ಲಿ ಹದಿನೈದು ನಿಮಿಷ. ಮುಷ್ಟಿಯಲ್ಲಿ ಹಿಡಿಯಿರಿ.'

"ಹೊಸದು ಬರೀತೀರಾ ಮೇಡಂ?"

"ಬೇಡ, ಇದನ್ನೇ ಅಂಟಿಸೋಣ" ಎಂದಳು. ಆಮೇಲೆ ಮಧ್ಯಾಹ್ನದ ತರಗತಿಯ ಮಕ್ಕಳು ಒಳಗೆ ಬಂದರು. ಮೊದಲ ಬೆಂಚಿನ ದಿವ್ಯಾ ಎಂಬ ಹುಡುಗಿಯ ಕೈಯಲ್ಲಿ ನಳಿಗೆ ಸ್ಟ್ಯಾಂಡಿಗೆ ತಾಗಿ ಟಿಣಿಟಿಣಿ ಎನ್ನುತ್ತಿತ್ತು. ಪ್ರೇಮ ಹತ್ತಿರ ಹೋಗಿ, ಅವಳೊಬ್ಬಳಿಗೇ ಎನಿಸದ ಹಾಗೆ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ಯಾರೂ ಸ್ಟ್ಯಾಂಡಲ್ಲಿ ಇಡ್ಬೇಡಿ. ಮುಷ್ಟೀಲಿ ಹಿಡ್ಕೊಳ್ಳಿ. ಹಕ್ಕಿಮರಿ ಹಿಡ್ಕೊಂಡ ಹಾಗೆ, ಮೆತ್ತಗೆ."